ಡ್ಯೂಟಿ ಶುರುವಾಗುವ ಮುಂಚಿನ ದಾರಿ

2025ರ ಡಿಸೆಂಬರ್ ಮೊದಲ ವಾರ ನನ್ನ ತಂಗಿ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಒಂದು ಹಗಲು, ಒಂದು ರಾತ್ರಿ ಕಳೆದಳು. ಪುಣೆಯಲ್ಲಿ ನಾದಿನಿಯ ಮಗನ ಮದುವೆಯಿತ್ತು. ವಿಮಾನ ಎರಡು ಗಂಟೆ ತಡ ಎಂದರು, ಆಮೇಲೆ ನಾಲ್ಕು ಗಂಟೆ ಎಂದರು, ಕೊನೆಗೆ ರದ್ದು ಎಂದರು. ಅಲ್ಲಿಂದಲೇ ನನಗೆ ಫೋನು ಮಾಡಿದಳು. ಸುತ್ತಲಿನ ಗದ್ದಲವನ್ನು ಮೀರಿ ಅವಳ ದನಿ ಏರಿತ್ತು. "ಅಕ್ಕಾ, ಪೈಲಟುಗಳಿಗೆ ವಾರಕ್ಕೆ ನಲವತ್ತೆಂಟು ಗಂಟೆ ವಿಶ್ರಾಂತಿ ಕೊಡಲೇಬೇಕಂತೆ. ಅದಕ್ಕೇ ಇಷ್ಟೆಲ್ಲ ರಾದ್ಧಾಂತ. ನಾವಿಲ್ಲಿ ನೆಲಕ್ಕೆ ಶಾಲು ಹಾಸಿಕೊಂಡು ಕುಳಿತಿದ್ದೇವೆ. ಅವರಿಗೆ ಅಷ್ಟೊಂದು ನಿದ್ದೆ ಯಾಕೆ ಬೇಕು?"

ನನಗೆ ತಕ್ಷಣ ಉತ್ತರ ಕೊಡಲಾಗಲಿಲ್ಲ. ಮದುವೆ ತಪ್ಪಿಸಿಕೊಂಡವಳ ಸಿಟ್ಟಿನಲ್ಲಿ ನ್ಯಾಯವಿತ್ತು. ಆದರೆ ಅದೇ ಹೊತ್ತಿಗೆ ಇಲ್ಲಿ ಅಮೆರಿಕದ ಸಿನ್ಸಿನಾಟಿಯ ನಮ್ಮ ಮನೆಯ ಮಹಡಿಯಲ್ಲಿ ನನ್ನ ಮಗ ಮಲಗಿದ್ದ. ಬೆಳಗಿನ ಹತ್ತು ಗಂಟೆಯಾಗಿತ್ತು. ಕಿಟಕಿಗೆ ಕಪ್ಪು ಪರದೆ ಎಳೆದು, ಕಿವಿಗೆ ಹತ್ತಿ ಇಟ್ಟುಕೊಂಡು, ನಾಲ್ಕು ದಿನದ ಬಾಕಿಯನ್ನು ಒಂದೇ ಸಲ ತೀರಿಸುವವನ ಹಾಗೆ ನಿದ್ದೆ ಮಾಡುತ್ತಿದ್ದ. ಅವನು ಪ್ರಾದೇಶಿಕ ವಿಮಾನ ಸಂಸ್ಥೆಯೊಂದರಲ್ಲಿ ಸಹ ಪೈಲಟ್. ತಂಗಿಗೆ ಅಂದು ಹೇಳಲಾಗದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಭಾರತದ ಆ ನಿಯಮ 2024ರ ಜನವರಿಯಲ್ಲೇ ಪ್ರಕಟವಾಗಿತ್ತು, ಪೈಲಟುಗಳನ್ನು ಸಾಕಷ್ಟು ಮೊದಲೇ ನೇಮಿಸಿಕೊಳ್ಳಬೇಕಿತ್ತು ಎಂಬುದಷ್ಟನ್ನು ಅವಳಿಗೆ ಆಮೇಲೆ ಹೇಳಿದೆ. ನನ್ನ ಮಾತು ಮಾತ್ರ ಅಮೆರಿಕದ ಸಣ್ಣ ವಿಮಾನಗಳ ಬಗ್ಗೆ, ಅವುಗಳನ್ನು ಹಾರಿಸುವ ಹುಡುಗ ಹುಡುಗಿಯರು ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯ ಬಗ್ಗೆ.

ಅಮೆರಿಕದಲ್ಲಿ ಸಣ್ಣ ಊರಿನಿಂದ ದೊಡ್ಡ ಊರಿಗೆ ವಿಮಾನ ಹತ್ತಿದವರಿಗೆ ಇದು ಗೊತ್ತಿರಬಹುದು. ವಿಮಾನದ ಮೈಮೇಲೆ ಡೆಲ್ಟಾ, ಯುನೈಟೆಡ್, ಅಮೆರಿಕನ್ ಎಂದು ದೊಡ್ಡದಾಗಿ ಬರೆದಿರುತ್ತದೆ. ಬಾಗಿಲ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬೇರೊಂದು ಕಂಪನಿಯ ಹೆಸರು ಇರುತ್ತದೆ. ಟಿಕೆಟ್ ಮಾರುವುದು, ದರ ಗೊತ್ತು ಮಾಡುವುದು, ವೇಳಾಪಟ್ಟಿ ಹಾಕುವುದು ದೊಡ್ಡ ಕಂಪನಿ. ವಿಮಾನ ಹಾರಿಸುವುದು ಸಣ್ಣ ಕಂಪನಿ. ಇಷ್ಟು ಹಾರಾಟಕ್ಕೆ ಇಷ್ಟು ಎಂದು ಗುತ್ತಿಗೆಯ ಹಣ ಅದಕ್ಕೆ ಸಲ್ಲುತ್ತದೆ. ದೊಡ್ಡ ಕಂಪನಿಯ ಪೈಲಟುಗಳ ಸಂಘ ತನ್ನ ಒಪ್ಪಂದದಲ್ಲಿ ಒಂದು ಗೆರೆ ಎಳೆದಿರುತ್ತದೆ: ಸಾಮಾನ್ಯವಾಗಿ 76 ಸೀಟಿಗಿಂತ ದೊಡ್ಡ ವಿಮಾನವನ್ನು ಹೊರಗಿನವರಿಗೆ ಕೊಡಬಾರದು. ಆ ಗೆರೆಯ ಕೆಳಗಿನದೆಲ್ಲ ಪ್ರಾದೇಶಿಕ ಕಂಪನಿಗಳ ಪಾಲು.

ಈ ಏರ್ಪಾಡಿನ ಪೆಟ್ಟು ಬೀಳುವುದು ಮಾತುಕತೆಯ ಮೇಜಿನ ಮೇಲೆ. ಸಣ್ಣ ಕಂಪನಿಯ ಪೈಲಟುಗಳು ಸಂಬಳ ಹೆಚ್ಚಿಸಿ ಎಂದು ಕೇಳಿದರೆ ಕಂಪನಿ ಹೇಳುವ ಮಾತು ಒಂದೇ: "ನಮ್ಮ ವೆಚ್ಚ ಹೆಚ್ಚಾದರೆ ಮುಂದಿನ ಗುತ್ತಿಗೆ ಪಕ್ಕದ ಕಂಪನಿಗೆ ಹೋಗುತ್ತದೆ." ಇದು ಬರೀ ಬೆದರಿಕೆಯಲ್ಲ. ನಾನು ಇರುವ ಊರೇ ಅದಕ್ಕೆ ಸಾಕ್ಷಿ.

ನಾವು ಇಲ್ಲಿಗೆ ಬಂದಾಗ ಕಾಮೇರ್ ಎಂಬ ಪ್ರಾದೇಶಿಕ ಸಂಸ್ಥೆಗೆ ಸಿನ್ಸಿನಾಟಿಯೇ ಮನೆ. ಅದು ಡೆಲ್ಟಾದ ಒಡೆತನದಲ್ಲಿತ್ತು. 2001ರ ಮಾರ್ಚ್ 26ರಂದು ಅದರ ಸುಮಾರು 1,350 ಪೈಲಟುಗಳು ಮುಷ್ಕರ ಹೂಡಿದರು. ಸಂಬಳ, ವಿಶ್ರಾಂತಿ, ಪಿಂಚಣಿ ಅವರ ಬೇಡಿಕೆಗಳು. 89 ದಿನ ಒಂದು ವಿಮಾನವೂ ಹಾರಲಿಲ್ಲ. ನಮ್ಮ ಎದುರುಮನೆಯವರು ಆಗ ಅಲ್ಲಿ ಕ್ಯಾಪ್ಟನ್. ಸಮವಸ್ತ್ರ ಹಾಕಿಕೊಂಡು, ಟೋಪಿ ಇಟ್ಟುಕೊಂಡು, ಕೈಯಲ್ಲಿ ಫಲಕ ಹಿಡಿದು ನಿಲ್ದಾಣದ ರಸ್ತೆಯಲ್ಲಿ ನಿಲ್ಲಲು ಬೆಳಗ್ಗೆ ಮನೆಯಿಂದ ಹೊರಡುತ್ತಿದ್ದರು. ಮುಷ್ಕರ ಗೆದ್ದರು. ಒಳ್ಳೆಯ ಒಪ್ಪಂದ ಬಂತು. ಆಮೇಲಿನ ಹತ್ತು ವರ್ಷಗಳಲ್ಲಿ ಕಾಮೇರ್‌ನ ವಿಮಾನಗಳು ಒಂದೊಂದಾಗಿ ಕಡಿಮೆಯಾದವು. ವೆಚ್ಚ ಜಾಸ್ತಿ ಎಂಬ ಕಾರಣ ಹೇಳಿ 2012ರ ಸೆಪ್ಟೆಂಬರ್ 29ರಂದು ಕಂಪನಿಯನ್ನೇ ಮುಚ್ಚಿದರು. ಆ ಸಣ್ಣ ಜೆಟ್‌ಗಳು ಸಾಲಾಗಿ ನಿಲ್ಲುತ್ತಿದ್ದ ಸಿ ಕಾಂಕೋರ್ಸ್ ಕಟ್ಟಡವನ್ನು ಆಮೇಲೆ ಕೆಡವಿದರು. ಈಗ ಅಲ್ಲಿ ಬಯಲು.

ಎದುರುಮನೆಯವರು ನನಗೆ ಒಮ್ಮೆ ಹೇಳಿದ ಮಾತು ಇಡೀ ವಿಷಯದ ಬುಡದಲ್ಲಿದೆ. "ನನ್ನ ಮನೆ ಇದ್ದಲ್ಲೇ ಇತ್ತು. ಕೆಲಸ ಎದ್ದು ಹೋಯಿತು." ಅವರಿಗೆ ಮತ್ತೊಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ನೆಲೆ, ಅಂದರೆ ಡ್ಯೂಟಿ ಶುರುವಾಗುವ ನಿಲ್ದಾಣ, ಮಾತ್ರ ಎಂಟುನೂರು ಮೈಲಿ ಆಚೆ. ಮಕ್ಕಳು ಇಲ್ಲಿನ ಶಾಲೆಯಲ್ಲಿ, ಹೆಂಡತಿಯ ನೌಕರಿ ಇಲ್ಲಿನ ಆಸ್ಪತ್ರೆಯಲ್ಲಿ. ಹಾಗಾಗಿ ನಿವೃತ್ತಿಯವರೆಗೂ ಅವರು ವಿಮಾನ ಹತ್ತಿ ವಿಮಾನ ಹಾರಿಸಲು ಹೋದರು.

ಈಗ ನನ್ನ ಮಗನದೂ ಅದೇ ಕತೆ. ಅವನಿರುವುದು ಸಿನ್ಸಿನಾಟಿಯಲ್ಲಿ, ಅವನ ನೆಲೆ ನ್ಯೂಯಾರ್ಕಿನ ಲಗಾರ್ಡಿಯಾ. ಕೆಲಸಕ್ಕೆ ಸೇರಿದಾಗ ಕೊಟ್ಟ ನೆಲೆ ನಮ್ಮಿಂದ ಕಾರಿನಲ್ಲಿ ಎರಡು ಗಂಟೆಯ ದಾರಿಯಲ್ಲಿತ್ತು. ಹದಿನಾಲ್ಕು ತಿಂಗಳ ನಂತರ ಕಂಪನಿ ಅದನ್ನು ಮುಚ್ಚಿತು. ಒಂದು ಮಿಂಚಂಚೆ ಬಂತು, ಅಷ್ಟೇ. ಸೇವಾ ಹಿರಿತನದ ಪಟ್ಟಿಯಲ್ಲಿ ಕೆಳಗಿದ್ದವರಿಗೆ ಉಳಿದದ್ದು ನ್ಯೂಯಾರ್ಕ್. ಅಲ್ಲಿಗೇ ಮನೆ ಬದಲಾಯಿಸಬಹುದಲ್ಲ ಎಂದು ನೆಂಟರು ಕೇಳುತ್ತಾರೆ. ಬದಲಾಯಿಸಬಹುದು. ಆ ನೆಲೆಯನ್ನು ಎಂದು ಮುಚ್ಚುತ್ತಾರೋ ಯಾರಿಗೂ ಗೊತ್ತಿಲ್ಲ. ಪ್ರಾದೇಶಿಕ ಕಂಪನಿಯಲ್ಲಿ ನಾಲ್ಕೈದು ವರ್ಷ ಹಾರಿಸಿ ದೊಡ್ಡ ಕಂಪನಿಗೆ ಹೋಗಬೇಕೆಂದು ಕಾಯುವವನು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ವರ್ಷದ ಕರಾರಿನ ಬಾಡಿಗೆ ಮನೆ ಮಾಡಿ, ಹೆಂಡತಿಯ ಕೆಲಸ ಬಿಡಿಸಿ ಕರೆದೊಯ್ಯುವುದು ಹೇಗೆ?

ಹೀಗೆ ದೂರದಿಂದ ಬರುವ ಪೈಲಟುಗಳು ಇಲ್ಲಿ ಅಪರೂಪವಲ್ಲ. 2009ರಲ್ಲಿ ಕೋಲ್ಗನ್ ಏರ್ ಎಂಬ ಪ್ರಾದೇಶಿಕ ಸಂಸ್ಥೆಯ, ನ್ಯೂಯಾರ್ಕ್ ಪಕ್ಕದ ನ್ಯೂಅರ್ಕ್ ಊರಿನ ನೆಲೆಯನ್ನು ತನಿಖೆಗಾರರು ಎಣಿಸಿ ನೋಡಿದಾಗ, ಅಲ್ಲಿನ 137 ಪೈಲಟುಗಳಲ್ಲಿ 93 ಮಂದಿ ದೂರದೂರಿನಿಂದ ಬಂದು ಹೋಗುವವರಾಗಿದ್ದರು. 49 ಮಂದಿ 400 ಮೈಲಿಗಿಂತ ದೂರದಿಂದ, ಅವರಲ್ಲಿ 29 ಮಂದಿ ಸಾವಿರ ಮೈಲಿಗಿಂತ ದೂರದಿಂದ ಬರುತ್ತಿದ್ದರು.

ಆ ಎಣಿಕೆ ಯಾಕೆ ನಡೆಯಿತು ಎಂಬುದನ್ನು ಹೇಳಲೇಬೇಕು. 2009ರ ಫೆಬ್ರವರಿ 12ರ ರಾತ್ರಿ ಕೋಲ್ಗನ್ ಏರ್ 3407 ನ್ಯೂಅರ್ಕ್‌ನಿಂದ ಬಫಲೊಗೆ ಹೊರಟಿತ್ತು. ಟಿಕೆಟಿನಲ್ಲಿ ಇದ್ದದ್ದು ಕಾಂಟಿನೆಂಟಲ್ ಎಂಬ ದೊಡ್ಡ ಕಂಪನಿಯ ಹೆಸರು. ಇಳಿಯಲು ಐದಾರು ಮೈಲಿ ಬಾಕಿ ಇರುವಾಗ ವಿಮಾನದ ವೇಗ ಕುಸಿಯಿತು. ಎಚ್ಚರಿಕೆಯ ಸಾಧನ ಕೈಯಲ್ಲಿನ ದಂಡವನ್ನು ಅಲುಗಾಡಿಸಿದಾಗ ಕ್ಯಾಪ್ಟನ್ ಅದನ್ನು ಮುಂದಕ್ಕೆ ಒತ್ತುವ ಬದಲು ಹಿಂದಕ್ಕೆ ಎಳೆದರು. ವಿಮಾನ ಕ್ಲಾರೆನ್ಸ್ ಸೆಂಟರ್ ಎಂಬಲ್ಲಿ ಒಂದು ಮನೆಯ ಮೇಲೆ ಬಿತ್ತು. ಒಳಗಿದ್ದ 49 ಮಂದಿ, ಮನೆಯಲ್ಲಿದ್ದ ಒಬ್ಬರು, ಒಟ್ಟು 50 ಜನ ಸತ್ತರು.

ಮಗ ಪೈಲಟ್ ಆಗುತ್ತೇನೆ ಎಂದ ವರ್ಷ ನಾನು ಆ ತನಿಖಾ ವರದಿಯನ್ನು ಓದಿದೆ. ಓದಬಾರದಿತ್ತು ಎಂದು ಮನೆಯವರು ಹೇಳಿದರು. ಓದಿದ್ದು ಸರಿ ಎಂದು ನನಗೆ ಈಗಲೂ ಅನಿಸುತ್ತದೆ. ಸಹ ಪೈಲಟ್ ಇಪ್ಪತ್ತನಾಲ್ಕು ವರ್ಷದ ಹೆಣ್ಣುಮಗಳು. ಸಿಯಾಟಲ್ ಹತ್ತಿರ ತಂದೆತಾಯಿಯ ಮನೆಯಲ್ಲಿ ಇದ್ದವಳು. ಹಿಂದಿನ ರಾತ್ರಿ ಸರಕು ವಿಮಾನವೊಂದರಲ್ಲಿ ಮೆಂಫಿಸ್‌ಗೆ ಬಂದು, ನಡುರಾತ್ರಿ ಅಲ್ಲಿ ಇನ್ನೊಂದು ಸರಕು ವಿಮಾನ ಹತ್ತಿ, ಬೆಳಗ್ಗೆ ಆರೂವರೆಯ ಹೊತ್ತಿಗೆ ನ್ಯೂಅರ್ಕ್ ಮುಟ್ಟಿದ್ದಳು. ಸಿಬ್ಬಂದಿಯ ಕೋಣೆಯಲ್ಲಿ ಅಷ್ಟಿಷ್ಟು ಮಲಗಿದ್ದಳು. ಮಧ್ಯಾಹ್ನ ಒಂದೂವರೆಗೆ ಡ್ಯೂಟಿ. ಕ್ಯಾಪ್ಟನ್ ಫ್ಲಾರಿಡಾದವರು. ಅವರೂ ಆ ರಾತ್ರಿಯನ್ನು ಅದೇ ಕೋಣೆಯಲ್ಲಿ ಕಳೆದವರು, ನಸುಕಿನ ಮೂರು ಗಂಟೆಯಲ್ಲಿ ಅವರು ಕಂಪನಿಯ ಗಣಕದಲ್ಲಿ ಲಾಗಿನ್ ಆಗಿದ್ದ ದಾಖಲೆ ಇದೆ. ಆ ಕೋಣೆಯಲ್ಲಿ ರಾತ್ರಿ ಮಲಗಬಾರದು ಎಂಬುದು ಕಂಪನಿಯ ನಿಯಮವಾಗಿತ್ತು.

ಆ ಹುಡುಗಿಗೆ ನೆಗಡಿ. ಧ್ವನಿಮುದ್ರಣದಲ್ಲಿ ಅವಳು ಸೀನುವುದು ದಾಖಲಾಗಿದೆ. ಮನೆಯಲ್ಲೇ ಹೀಗಾಗಿದ್ದರೆ ನಾನು ಇಷ್ಟು ದೂರ ಬರುತ್ತಲೇ ಇರಲಿಲ್ಲ, ಈಗ ಹುಷಾರಿಲ್ಲ ಎಂದು ಹೇಳಿದರೆ ವಾಸಿಯಾಗುವವರೆಗೆ ಹೋಟೆಲಿನ ಖರ್ಚು ನನ್ನದೇ ಆಗುತ್ತದೆ ಎಂಬ ಅರ್ಥದ ಮಾತು ಅವಳ ಬಾಯಿಂದ ಬಂದಿದೆ. ನಾನು ಪುಸ್ತಕ ಮುಚ್ಚಿದಂತೆ ಆ ಕಡತವನ್ನು ಮುಚ್ಚಿ ಎದ್ದುಹೋಗಿ ಒಲೆಯ ಮುಂದೆ ನಿಂತದ್ದು ಅಲ್ಲಿ. ಒಂದು ಹೋಟೆಲ್ ಕೋಣೆಯ ಬಾಡಿಗೆ ಅವಳ ಲೆಕ್ಕದಲ್ಲಿ ಎಷ್ಟು ದೊಡ್ಡದಾಗಿತ್ತು! ಅವಳ ವಾರ್ಷಿಕ ಸಂಬಳ 16 ಸಾವಿರ ಡಾಲರಿನ ಆಸುಪಾಸು ಎಂದು 2009ರ ಮೇ ತಿಂಗಳ ವಿಚಾರಣೆಯಲ್ಲಿ ಕೇಳಿಬಂತು. ಇಲ್ಲ, 24 ಸಾವಿರದ ಹತ್ತಿರ ಎಂದು ಕಂಪನಿ ಆಮೇಲೆ ತಿದ್ದಿತು. ಹಿಂದೆ ಅವಳು ಕಾಫಿ ಅಂಗಡಿಯಲ್ಲೂ ದುಡಿದಿದ್ದಳು. ಎರಡರಲ್ಲಿ ಯಾವ ಅಂಕಿ ಸರಿಯಾದರೂ ನ್ಯೂಅರ್ಕ್‌ನ ಸುತ್ತ ಆ ದುಡ್ಡಿನಲ್ಲಿ ಒಂದು ಮನೆ ಮಾಡಲಾಗದು.

ತನಿಖಾ ಮಂಡಳಿ 2010ರ ಫೆಬ್ರವರಿಯಲ್ಲಿ ಹೇಳಿದ ಮುಖ್ಯ ಕಾರಣ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದು. ಆಯಾಸ ಇಬ್ಬರ ಮೇಲೂ ಪರಿಣಾಮ ಬೀರಿರಬಹುದು, ಎಷ್ಟು ಎಂದು ಅಳೆಯಲಾಗದು ಎಂದು ಬರೆಯಿತು. ಆಯಾಸವನ್ನು ಪೂರಕ ಕಾರಣವೆಂದು ಸೇರಿಸಲೇಬೇಕಿತ್ತು ಎಂದು ಮಂಡಳಿಯ ಅಧ್ಯಕ್ಷೆ ಡೆಬೊರಾ ಹರ್ಸ್‌ಮನ್ ಪ್ರತ್ಯೇಕವಾಗಿ ದಾಖಲಿಸಿದರು. ನಾನು ವಿಜ್ಞಾನಿಯಲ್ಲ. ಆದರೂ ರಾತ್ರಿಯಿಡೀ ಎರಡು ವಿಮಾನ ಬದಲಾಯಿಸಿ ಸಿಬ್ಬಂದಿಯ ಕೋಣೆಯಲ್ಲಿ ಮಲಗಿದವರ ತೀರ್ಮಾನಶಕ್ತಿ ರಾತ್ರಿ ಹತ್ತು ಗಂಟೆಗೆ ಹೇಗಿರುತ್ತದೆ ಎಂಬ ವಿಷಯದಲ್ಲಿ ನಾನು ಹರ್ಸ್‌ಮನ್ ಪರ.

ಮಡಿದವರ ಕುಟುಂಬದವರು ಸುಮ್ಮನೆ ಕೂರಲಿಲ್ಲ. ವಾಷಿಂಗ್ಟನ್‌ಗೆ ಮತ್ತೆ ಮತ್ತೆ ಹೋದರು. 2010ರ ಆಗಸ್ಟ್‌ನಲ್ಲಿ ಹೊಸ ಕಾನೂನು ಬಂತು. ಸಹ ಪೈಲಟ್ ಆಗಲೂ ಸಾಮಾನ್ಯವಾಗಿ 1,500 ಗಂಟೆ ಹಾರಿಸಿರಬೇಕು ಎಂಬ ನಿಯಮ 2013ರಲ್ಲಿ ಜಾರಿಯಾಯಿತು. ವಿಶ್ರಾಂತಿಯ ಹೊಸ ನಿಯಮ 2014ರ ಜನವರಿ 4ರಿಂದ ಜಾರಿಗೆ ಬಂತು: ಡ್ಯೂಟಿಗೆ ಮುಂಚೆ ಹತ್ತು ಗಂಟೆ ಬಿಡುವು, ಅದರಲ್ಲಿ ಎಂಟು ಗಂಟೆ ಅಡ್ಡಿಯಿಲ್ಲದ ನಿದ್ದೆಗೆ ಅವಕಾಶ. ಸರಕು ವಿಮಾನಗಳವರಿಗೆ ಇದು ಕಡ್ಡಾಯವಾಗಲಿಲ್ಲ, ಅದು ಬೇರೆಯೇ ನೋವು. ಮನೆಯಿಂದ ನೆಲೆಗೆ ಬರುವ ದಾರಿಯನ್ನೂ ಈ ನಿಯಮ ಮುಟ್ಟಲಿಲ್ಲ. ಸುಸ್ತಿಲ್ಲದೆ ಡ್ಯೂಟಿಗೆ ಬರುವುದು ಪೈಲಟಿನ ಜವಾಬ್ದಾರಿ, ಪ್ರತಿ ಹಾರಾಟಕ್ಕೂ ಮುಂಚೆ ನಾನು ಸಮರ್ಥನಾಗಿದ್ದೇನೆ ಎಂದು ಅವನು ದೃಢೀಕರಿಸಬೇಕು, ಅಲ್ಲಿಗೆ ಮುಗಿಯಿತು. ಆ ಹತ್ತು ಗಂಟೆಯ ಬಿಡುವಿನೊಳಗೇ ಅವನು ಸಾವಿರ ಮೈಲಿ ಹಾರಿ ಬಂದಿರಬಹುದು. ಕಾಗದದ ಮೇಲೆ ಅದು ವಿಶ್ರಾಂತಿಯೇ.

ದೂರದಿಂದ ಬರುವುದನ್ನೇ ನಿಷೇಧಿಸಿ ಎಂದವರೂ ಇದ್ದರು. ಸಂಸತ್ತಿನ ಸೂಚನೆಯಂತೆ ರಾಷ್ಟ್ರೀಯ ಸಂಶೋಧನಾ ಮಂಡಳಿ ಅಧ್ಯಯನ ನಡೆಸಿ 2011ರಲ್ಲಿ ವರದಿ ಕೊಟ್ಟಿತು. ಮೈಲಿ ಎಣಿಸಿ ಆಯಾಸವನ್ನು ಅಳೆಯಲಾಗದು ಎಂಬುದು ಅದರ ಸಾರ. ನಾನೂ ಅದನ್ನು ಒಪ್ಪುತ್ತೇನೆ. ಹಿಂದಿನ ಸಂಜೆಯೇ ಬಂದು ಒಳ್ಳೆಯ ಹಾಸಿಗೆಯಲ್ಲಿ ಮಲಗಿದವನು ಆರುನೂರು ಮೈಲಿಯಿಂದ ಬಂದಿದ್ದರೂ ಚೆನ್ನಾಗಿರುತ್ತಾನೆ. ನ್ಯೂಜೆರ್ಸಿಯ ದಟ್ಟಣೆಯಲ್ಲಿ ಮೂರು ಗಂಟೆ ಕಾರು ಓಡಿಸಿ ಬಂದವನು ಸುಸ್ತಾಗಿರುತ್ತಾನೆ. ಡ್ಯೂಟಿಗೆ ಮುಂಚೆ ಕನಿಷ್ಠ ಆರು ಗಂಟೆ ಮಲಗಿರಬೇಕು, ಡ್ಯೂಟಿ ಮುಗಿಯುವ ಹೊತ್ತಿಗೆ ಎಚ್ಚರವಿದ್ದ ಅವಧಿ ಹದಿನಾರು ಗಂಟೆ ಮೀರದಂತೆ ಪ್ರಯಾಣ ಯೋಜಿಸಿಕೊಳ್ಳಬೇಕು ಎಂಬ ಸಲಹೆಯೂ ಆ ವರದಿಯಲ್ಲಿದೆ. ಒಳ್ಳೆಯ ಸಲಹೆ. ಆದರೆ ಹಿಂದಿನ ರಾತ್ರಿ ಬಂದು ಮಲಗುವ ಹಾಸಿಗೆಗೆ ದುಡ್ಡು ಕೊಡುವವರು ಯಾರು?

ಈ ಪ್ರಶ್ನೆಗೆ ಕಾನೂನು ಉತ್ತರ ಕೊಡದ ಕಾರಣ ಅದು ಒಪ್ಪಂದದ ಮೇಜಿಗೆ ಬಂದು ಬಿದ್ದಿದೆ.

ನನ್ನ ಮಗನ ಹಾಸಿಗೆಯನ್ನು ನಾನು ನೋಡಿದ್ದೇನೆ. ಕ್ವೀನ್ಸ್‌ನ ಕ್ಯೂ ಗಾರ್ಡನ್ಸ್ ಎಂಬ ಬಡಾವಣೆ ಕೆನಡಿ, ಲಗಾರ್ಡಿಯಾ ಎರಡೂ ನಿಲ್ದಾಣಗಳಿಗೆ ಹತ್ತಿರ. ವಿಮಾನ ಸಿಬ್ಬಂದಿ ಅಲ್ಲಿ ಮನೆಗಳನ್ನು ಹಂಚಿಕೊಂಡು ಇರುತ್ತಾರೆ, ಕ್ರ್ಯಾಶ್ ಪ್ಯಾಡ್ ಎಂದು ಅವುಗಳ ಹೆಸರು. ಎರಡು ವರ್ಷದ ಹಿಂದೆ ಒಂದು ಶನಿವಾರ ನಾನು ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಕಟ್ಟಿಕೊಂಡು ಹೋಗಿದ್ದೆ. ಎರಡನೆಯ ಮಹಡಿ. ಬಾಗಿಲು ತೆರೆದರೆ ಸಾಲಾಗಿ ಕಪ್ಪು ಬೂಟುಗಳು, ಗಾಲಿಯ ಚೀಲಗಳು. ಒಂದೊಂದು ಕೋಣೆಯಲ್ಲೂ ಮೂರು ಅಂತಸ್ತಿನ ಮಂಚಗಳು. ಮಗನದು ಕಿಟಕಿಯ ಪಕ್ಕದ ನಡುವಿನ ಅಂತಸ್ತು. ಸುತ್ತಲೂ ನಾನು ಕೊಟ್ಟಿದ್ದ ಹಳೆಯ ಇಳಕಲ್ ಸೀರೆಯನ್ನು ಪರದೆಯಾಗಿ ಕಟ್ಟಿಕೊಂಡಿದ್ದ. ಒಳಗೆ ಒಂದು ಸಣ್ಣ ದೀಪ, ಚಾರ್ಜರ್, ಅವನ ತಾತನ ಫೋಟೊ. ತಿಂಗಳಿಗೆ ಮುನ್ನೂರೈವತ್ತು ಡಾಲರ್. ಇದು ಅವನೊಬ್ಬನದೇ ಹಾಸಿಗೆ. ಇನ್ನೂ ಅಗ್ಗದ್ದು ಬೇಕೆಂದರೆ ಒಂದೇ ಹಾಸಿಗೆಯನ್ನು ಸರದಿಯ ಮೇಲೆ ಹಂಚಿಕೊಳ್ಳುವ ಏರ್ಪಾಡು ಇದೆ, ಒಬ್ಬರು ಎದ್ದು ಹೋದ ಮೇಲೆ ಇನ್ನೊಬ್ಬರು ಹಾಸಿಗೆಬಟ್ಟೆ ಬದಲಾಯಿಸಿ ಮಲಗುತ್ತಾರೆ. ಅಡಿಗೆಮನೆಯಲ್ಲಿ ಪಿಸುಮಾತಿನಲ್ಲೇ ಮಾತಾಡಿದೆವು, ಯಾಕೆಂದರೆ ಹಗಲು ಹನ್ನೊಂದು ಗಂಟೆಗೂ ಅಲ್ಲಿ ಯಾರೋ ಮಲಗಿದ್ದರು.

ಆ ಮನೆಯ ವಾಸನೆ ನನಗೆ ಗೊತ್ತಿತ್ತು. ಬೂಟಿನ ಪಾಲಿಶ್, ಒಣಗದ ಟವೆಲು, ಯಾರೋ ಬಿಸಿ ಮಾಡಿದ ಅನ್ನ. ನನ್ನ ಅಪ್ಪ ಸರ್ಕಾರಿ ಬಸ್ಸಿನ ಚಾಲಕರು. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಅವರಿಗೆ ಎಪ್ಪತ್ತು ಮೈಲಿ ದೂರದ ಡಿಪೋಗೆ ವರ್ಗವಾಯಿತು. ಹಾಸನ ಜಿಲ್ಲೆಯ ನಮ್ಮೂರಿನಲ್ಲಿ ಅಜ್ಜಿಗೆ ಹುಷಾರಿರಲಿಲ್ಲ, ನಾವು ಮೂವರು ಮಕ್ಕಳು ಶಾಲೆಯಲ್ಲಿದ್ದೆವು. ಅಪ್ಪ ಇನ್ನು ಮೂವರು ಚಾಲಕರ ಜೊತೆ ಡಿಪೋದ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದರು. ವಾರದ ರಜೆಯ ಹಿಂದಿನ ಸಂಜೆ ಡ್ಯೂಟಿ ಮುಗಿಸಿ ಯಾವುದಾದರೂ ಬಸ್ಸಿನ ಎಂಜಿನ್ ಪಕ್ಕದ ಪೆಟ್ಟಿಗೆಯ ಮೇಲೆ ಕುಳಿತು ಮಧ್ಯರಾತ್ರಿ ಊರಿಗೆ ಬರುತ್ತಿದ್ದರು. ರಜೆ ಮುಗಿದ ನಸುಕಿನಲ್ಲಿ ಹಾಗೆಯೇ ಹೊರಡುತ್ತಿದ್ದರು. ಒಮ್ಮೆ ದಸರೆ ರಜೆಯಲ್ಲಿ ಅಮ್ಮ ನನ್ನ ಕೈಯಲ್ಲಿ ಬುತ್ತಿ ಕೊಟ್ಟು ಚಿಕ್ಕಪ್ಪನ ಜೊತೆ ಅಲ್ಲಿಗೆ ಕಳಿಸಿದ್ದಳು. ಚಾಪೆಗಳು, ಗೋಡೆಯ ಮೊಳೆಗೆ ತೂಗುಹಾಕಿದ ಕಾಕಿ ಅಂಗಿಗಳು, ಅಪ್ಪ ಕಣ್ಣ ಮೇಲೆ ಟವೆಲು ಹಾಕಿಕೊಂಡು ಮಲಗಿದ್ದರು. ಲಾಗ್ ಶೀಟಿನಲ್ಲಿ ಸಹಿ ಹಾಕಿದ ಮೇಲಿನದಷ್ಟೇ ಅವರ ಡ್ಯೂಟಿ. ಅದಕ್ಕೆ ಮುಂಚಿನ ನಾಲ್ಕು ಗಂಟೆಯ ಪ್ರಯಾಣ ಯಾವ ಪುಸ್ತಕದಲ್ಲೂ ಇರಲಿಲ್ಲ. ಅದೇ ಅಪ್ಪನ ಫೋಟೊ ಈಗ ಕ್ಯೂ ಗಾರ್ಡನ್ಸ್‌ನ ಮಂಚದಲ್ಲಿತ್ತು.

ಎಂಜಿನ್ ಪಕ್ಕದ ಆ ಪೆಟ್ಟಿಗೆಗೆ ಸರಿಸಾಟಿಯಾದದ್ದು ವಿಮಾನದಲ್ಲೂ ಇದೆ. ಅದರ ಹೆಸರು ಜಂಪ್ ಸೀಟ್. ಕಾಕ್‌ಪಿಟ್‌ನಲ್ಲಿ ಇಬ್ಬರು ಪೈಲಟುಗಳ ಹಿಂದೆ ಮಡಚಿಟ್ಟ ಸಣ್ಣ ಆಸನ. ಪ್ರಯಾಣಿಕರ ಸೀಟು ತುಂಬಿದ್ದರೆ ಕೆಲಸಕ್ಕೆ ಹೊರಟ ಪೈಲಟ್ ಕ್ಯಾಪ್ಟನ್ ಬಳಿ ಹೋಗಿ, ತನ್ನ ಗುರುತುಚೀಟಿ ತೋರಿಸಿ, ಅನುಮತಿ ಕೇಳಿ ಅದರಲ್ಲಿ ಕೂರಬಹುದು. 2001ರ ಸೆಪ್ಟೆಂಬರ್ 11ರ ನಂತರ ಬೇರೆ ಕಂಪನಿಯವರಿಗೆ ಈ ಬಾಗಿಲು ಮುಚ್ಚಿತ್ತು. ಗುರುತು ಪರಿಶೀಲಿಸುವ ಗಣಕ ವ್ಯವಸ್ಥೆ ಬಂದ ಮೇಲೆ ಮತ್ತೆ ತೆರೆಯಿತು. ಸಣ್ಣ ಜೆಟ್‌ನಲ್ಲಿ ಅಂಥ ಆಸನ ಒಂದೇ. ಅದಕ್ಕೆ ನಾಲ್ಕು ಜನ ಕಾಯುತ್ತಿರಬಹುದು. ಕೆಲವು ದಿನ ಪ್ರಯಾಣಿಕರ ಸೀಟು ಖಾಲಿ ಇದ್ದರೂ ಹತ್ತಿಸುವುದಿಲ್ಲ. ಹವಾಮಾನ ಕೆಟ್ಟಿದ್ದರೆ ಹೆಚ್ಚುವರಿ ಇಂಧನ ತುಂಬುತ್ತಾರೆ, ತೂಕದ ಮಿತಿ ಮುಟ್ಟುತ್ತದೆ.

ಅಂಥದೊಂದು ದಿನ ಮಗನ ಜೊತೆ ನಾನೂ ನಿಲ್ದಾಣದವರೆಗೆ ಹೋಗಿದ್ದೆ. ಮಧ್ಯಾಹ್ನ ಎರಡಕ್ಕೆ ಲಗಾರ್ಡಿಯಾದಲ್ಲಿ ಅವನು ಹಾಜರಿರಬೇಕು. ಬೆಳಗಿನ ಆರು ಗಂಟೆಯ ವಿಮಾನ ಭರ್ತಿ, ಜಂಪ್ ಸೀಟು ಅವನಿಗಿಂತ ಹಿರಿಯರಿಗೆ ಹೋಯಿತು. ಎಂಟೂವರೆಯದು ನ್ಯೂಯಾರ್ಕಿನ ಮಂಜಿನ ಕಾರಣಕ್ಕೆ ರದ್ದಾಯಿತು. ನಾನು ಫೋನು ಹಿಡಿದು ನಿಲ್ದಾಣದ ಹೊರಗೆ ಕಾರಿನಲ್ಲಿ ಕಾಯುತ್ತಿದ್ದೆ. ಒಂಬತ್ತಕ್ಕೆ ಹೊರಬಂದ. ಸಮವಸ್ತ್ರದ ಇಸ್ತ್ರಿ ಒಂದಿಷ್ಟೂ ಕೆಟ್ಟಿರಲಿಲ್ಲ, ಮುಖ ಮಾತ್ರ ಬಾಡಿತ್ತು. ಕಾರಿನಲ್ಲಿ ಕುಳಿತೇ ಕಂಪನಿಯ ವೇಳಾಪಟ್ಟಿ ವಿಭಾಗಕ್ಕೆ ಕರೆ ಮಾಡಿದ. "ಎರಡು ವಿಮಾನಕ್ಕೆ ಪ್ರಯತ್ನಿಸಿದೆ, ಎರಡರ ದಾಖಲೆಯೂ ಇದೆ" ಎಂದು ಮೂರು ಸಲ ಹೇಳಿದ.

ಆ ಎರಡು ವಿಮಾನದ ಮಾತು ಒಪ್ಪಂದದಿಂದ ಬಂದದ್ದು. ಅದಕ್ಕೆ ಕಮ್ಯೂಟರ್ ಕ್ಲಾಜ್, ಅಂದರೆ ದೂರದಿಂದ ಬರುವವರ ಷರತ್ತು, ಎನ್ನುತ್ತಾರೆ. ಡ್ಯೂಟಿಯ ಹೊತ್ತಿಗೆ ಮುಂಚೆ ತಲುಪುವ ಎರಡು ವಿಮಾನಗಳಿಗೆ ಪೈಲಟ್ ಪ್ರಾಮಾಣಿಕವಾಗಿ ಪ್ರಯತ್ನಿಸಿ, ಸೀಟು ಸಿಗದೆ ಅಥವಾ ರದ್ದಾಗಿ ಬರಲಾಗದಿದ್ದರೆ, ಅದನ್ನು ಗೈರುಹಾಜರಿ ಎಂದು ಬರೆದು ಶಿಸ್ತುಕ್ರಮ ಕೈಗೊಳ್ಳುವಂತಿಲ್ಲ. ಬಹುಪಾಲು ಕಂಪನಿಗಳ ಒಪ್ಪಂದದಲ್ಲಿ ಈ ಥರದ ಒಂದು ವಾಕ್ಯ ಇರುತ್ತದೆ, ವಿವರ ಬೇರೆ ಬೇರೆ. ಹಾರದ ದಿನಗಳ ಸಂಬಳ ಹೋಗುತ್ತದೋ ಇಲ್ಲವೋ, ವರ್ಷಕ್ಕೆ ಎಷ್ಟು ಸಲ ಬಳಸಬಹುದು, ಮೀಸಲು ಡ್ಯೂಟಿಯವರಿಗೂ ಅನ್ವಯವೋ ಎಂಬುದರ ಮೇಲೆ ತಿಂಗಳುಗಟ್ಟಲೆ ಜಗ್ಗಾಟ ನಡೆಯುತ್ತದೆ. ಮೀಸಲು ಡ್ಯೂಟಿ ಎಂದರೆ ಕರೆದ ಎರಡು ಗಂಟೆಯೊಳಗೆ ಹಾಜರಾಗಬೇಕಾದ ಕೆಲಸ. ಸಿನ್ಸಿನಾಟಿಯಲ್ಲಿ ಕುಳಿತು ಅದನ್ನು ಮಾಡಲಾಗದು. ಕರೆ ಬರಲಿ ಬಾರದಿರಲಿ, ಆ ನಡುವಿನ ಅಂತಸ್ತಿನ ಮಂಚದಲ್ಲಿ ದಿನಗಟ್ಟಲೆ ಕಾಯಬೇಕು.

ಪತ್ರಿಕೆಗಳು ಬರೆಯುವುದು ಶೇಕಡಾ ಎಷ್ಟು ಸಂಬಳ ಹೆಚ್ಚಿತು ಎಂಬುದನ್ನು. ನಮ್ಮ ಮನೆಯಲ್ಲಿ ಓದುವುದು ಈ ವಾಕ್ಯವನ್ನು. ಆ ವಾಕ್ಯ ಇಲ್ಲದ ಕಡೆ ಪೈಲಟ್ ಏನು ಮಾಡುತ್ತಾನೆ? ಕೆಲಸ ಹೋಗುವ ಭಯಕ್ಕೆ ಹಿಂದಿನ ರಾತ್ರಿಯ ಸರಕು ವಿಮಾನ ಹತ್ತುತ್ತಾನೆ, ಕುರ್ಚಿಯಲ್ಲಿ ಮಲಗುತ್ತಾನೆ, ಚೆನ್ನಾಗಿದ್ದೇನೆ ಎಂದು ಸಹಿ ಹಾಕುತ್ತಾನೆ. ಹಾಗಾಗಿ ಇದನ್ನು ಪೈಲಟುಗಳಿಗೆ ಕೊಟ್ಟ ಸವಲತ್ತು ಎಂದು ನಾನು ಕರೆಯುವುದಿಲ್ಲ. ಹಿಂದಿನ ಎಪ್ಪತ್ತಾರು ಸೀಟುಗಳಲ್ಲಿ ಕುಳಿತವರಿಗೂ ಇದು ಸೇರಿದ್ದು.

ಒಪ್ಪಂದ ಇಲ್ಲಿ ಬೇಗ ಆಗುವುದಿಲ್ಲ. 1926ರಲ್ಲಿ ರೈಲ್ವೆಗಾಗಿ ಮಾಡಿದ ಕಾರ್ಮಿಕ ಕಾನೂನನ್ನು 1936ರಲ್ಲಿ ವಿಮಾನ ಸಂಸ್ಥೆಗಳಿಗೂ ವಿಸ್ತರಿಸಿದರು, ಇಂದಿಗೂ ಅದೇ ನಡೆಯುತ್ತದೆ. ಅದರ ಪ್ರಕಾರ ಒಪ್ಪಂದಕ್ಕೆ ಮುಕ್ತಾಯ ಎಂಬುದಿಲ್ಲ. ಒಂದು ದಿನಾಂಕದ ನಂತರ ಅದು ತಿದ್ದುಪಡಿಗೆ ಅರ್ಹವಾಗುತ್ತದೆ, ಹೊಸದು ಬರುವವರೆಗೆ ಹಳೆಯದೇ ಚಾಲ್ತಿ. ಮಾತುಕತೆ ಮುರಿದರೆ ರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿ ಕೂರಿಸಿ ಮಾತಾಡಿಸುತ್ತದೆ. ಮಂಡಳಿ ಕೈಬಿಟ್ಟ ಮೇಲೆ ಮೂವತ್ತು ದಿನ ಕಾಯಬೇಕು, ಆಮೇಲಷ್ಟೇ ಮುಷ್ಕರ. ಮಂಡಳಿ ಎಂದು ಕೈಬಿಡಬೇಕು ಎಂಬುದಕ್ಕೆ ಗಡುವಿಲ್ಲ. ಹೀಗೆ ಮೂರು ನಾಲ್ಕು ವರ್ಷ ಹಳೆಯ ಸಂಬಳದಲ್ಲೇ ಹಾರಿಸುವುದು ಸಾಮಾನ್ಯ.

ತಕ್ಕಡಿ ಒಮ್ಮೆ ಪೈಲಟುಗಳ ಕಡೆ ವಾಲಿತು. ಕೋವಿಡ್ ಕಾಲದಲ್ಲಿ ದೊಡ್ಡ ಕಂಪನಿಗಳು ಹಿರಿಯರನ್ನು ಮುಂಚಿತವಾಗಿ ನಿವೃತ್ತಿ ಮಾಡಿಸಿದವು. ಜನ ಮತ್ತೆ ವಿಮಾನ ಹತ್ತತೊಡಗಿದಾಗ ಪ್ರಾದೇಶಿಕ ಕಂಪನಿಗಳಿಂದ ಪೈಲಟುಗಳನ್ನು ಎಳೆದುಕೊಂಡವು. 2022ರ ಮಾರ್ಚ್‌ನಲ್ಲಿ ಸ್ಕೈವೆಸ್ಟ್ ಸಂಸ್ಥೆ ಪೈಲಟುಗಳ ಕೊರತೆಯ ಕಾರಣ ಹೇಳಿ 29 ಸಣ್ಣ ಊರುಗಳ ಸೇವೆ ನಿಲ್ಲಿಸುವ ನೋಟಿಸು ಕೊಟ್ಟಿತು. ಅದೇ ಜೂನ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್ ಒಡೆತನದ ಎನ್ವಾಯ್, ಪೀಡ್‌ಮಾಂಟ್ ಸಂಸ್ಥೆಗಳು ಹೊಸ ಸಹ ಪೈಲಟಿಗೆ ಗಂಟೆಗೆ 90 ಡಾಲರ್ ಘೋಷಿಸಿದವು. ಅದರಲ್ಲಿ ಒಂದು ಭಾಗ 2024ರ ಆಗಸ್ಟ್‌ವರೆಗಿನ ತಾತ್ಕಾಲಿಕ ಹೆಚ್ಚಳ. ಉಳಿದ ಕಂಪನಿಗಳೂ ಹಿಂಬಾಲಿಸಿದವು. ನನ್ನ ಮಗ ಕೆಲಸಕ್ಕೆ ಸೇರಿದ್ದು ಈ ಅಲೆಯಲ್ಲಿ. 1,500 ಗಂಟೆ ಕೂಡಿಸಲು ಎರಡು ವರ್ಷ ಹಾರಾಟ ಕಲಿಸುವ ಬೋಧಕನಾಗಿದ್ದವನು ಮೊದಲ ತಿಂಗಳ ಸಂಬಳ ನೋಡಿ ನನಗೆ ಒಂದು ಇಡ್ಲಿ ಕುಕ್ಕರ್ ತಂದುಕೊಟ್ಟ. ಸಂಬಳದ ಸಂಕಟ ಅವನ ಪೀಳಿಗೆಗೆ ಬಹುಮಟ್ಟಿಗೆ ತೀರಿದೆ, ಅದಕ್ಕೆ ನಾನು ಕೃತಜ್ಞಳು. ದಾರಿಯ ಸಂಕಟ ತೀರಿರಲಿಲ್ಲ.

ಈ ವರ್ಷದ ಆರಂಭದಲ್ಲಿ ಅವನ ಕಂಪನಿಯ ಹೊಸ ಒಪ್ಪಂದದ ಕರಡು ಮತಕ್ಕೆ ಬಂತು. ಇನ್ನೂರಕ್ಕೂ ಹೆಚ್ಚು ಪುಟ. ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತ. ನಾನು ಹುರುಳಿಕಾಯಿ ಬಿಡಿಸುತ್ತಾ ಪಕ್ಕದಲ್ಲಿದ್ದೆ. ಅವನು ನನಗೆ ಓದಿ ಹೇಳಿದ್ದು ಎರಡು ಪುಟ. ನೆಲೆಯಿಂದ ದೂರದಲ್ಲಿ ವಾಸಿಸುವವರಿಗೆ ತಿಂಗಳಿಗೆ ನಾಲ್ಕು ರಾತ್ರಿ ಹೋಟೆಲ್ ಕಂಪನಿಯ ಖರ್ಚಿನಲ್ಲಿ, ಡ್ಯೂಟಿಯ ಹಿಂದಿನ ರಾತ್ರಿಗೋ ಮುಗಿದ ರಾತ್ರಿಗೋ. ಕಂಪನಿ ನೆಲೆ ಮುಚ್ಚಿದರೆ ಆ ನೆಲೆಯವರಿಗೆ ಆರು ತಿಂಗಳು ಖಾತ್ರಿ ಸೀಟು, ಜಂಪ್ ಸೀಟಿಗೆ ಕಾಯಬೇಕಿಲ್ಲ. ಎರಡು ವಿಮಾನದ ರಕ್ಷಣೆ ಮೀಸಲು ಡ್ಯೂಟಿಯವರಿಗೂ ಅನ್ವಯ, ಆದರೆ ವರ್ಷಕ್ಕೆ ಎರಡು ಸಲ ಮಾತ್ರ. ಆ ಕೊನೆಯದಕ್ಕೆ ಅವನಿಗೆ ಸಮಾಧಾನವಿರಲಿಲ್ಲ. ಅದರ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದ. ಹೊಸದಾಗಿ ಸೇರಿ ಮೀಸಲಿನಲ್ಲಿ ಇರುವ ಇಪ್ಪತ್ತನಾಲ್ಕರ ಹರೆಯದವರಿಗೇ ಅದು ಹೆಚ್ಚು ಬೇಕು ಎಂದ. ಆದರೂ ಹೌದು ಎಂದು ಮತ ಹಾಕಿದ. ಒಪ್ಪಂದ ಅಂಗೀಕಾರವಾಯಿತು.

ಮೊನ್ನೆ ಭಾನುವಾರ ಸಂಜೆಯೇ ಅವನು ಹೊರಟ. ಮರುದಿನ ಬೆಳಗ್ಗೆ ಆರೂಕಾಲಿಗೆ ಹಾಜರಿ. ಹಿಂದೆಲ್ಲ ಹೀಗಿದ್ದರೆ ರಾತ್ರಿ ಹನ್ನೊಂದಕ್ಕೆ ಇಳಿದು, ಕ್ಯೂ ಗಾರ್ಡನ್ಸ್‌ಗೆ ಬಸ್ಸು ಹಿಡಿದು, ಕತ್ತಲಲ್ಲಿ ಸೀರೆಯ ಪರದೆ ಸರಿಸಿ ಮಲಗುವಾಗ ಒಂದು ಗಂಟೆ ದಾಟುತ್ತಿತ್ತು. ಅಂದು ಎಂಟೂವರೆಗೆ ಲಗಾರ್ಡಿಯಾ ಪಕ್ಕದ ಹೋಟೆಲಿನಿಂದ ಫೋನು ಮಾಡಿದ. ಕೊಟ್ಟುಕಳಿಸಿದ್ದ ಚಪಾತಿ ತಿಂದಾಯಿತು, ಪಲ್ಯ ಬೆಳಗ್ಗೆಗೆ ಇಟ್ಟಿದ್ದೇನೆ ಎಂದ. ಹಿಂದಿನಿಂದ ಯಾವ ಸದ್ದೂ ಕೇಳುತ್ತಿರಲಿಲ್ಲ. ಪಿಸುಮಾತಿನಲ್ಲಿ ಮಾತಾಡುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. "ಜೋರಾಗಿ ಮಾತಾಡಮ್ಮ, ಇಲ್ಲಿ ನಾನೊಬ್ಬನೇ ಇದ್ದೇನೆ" ಎಂದ. ಒಂಬತ್ತಕ್ಕೆ ದೀಪ ಆರಿಸುತ್ತೇನೆ ಎಂದು ಹೇಳಿ ಫೋನು ಇಟ್ಟ.